ರಂಜಕ ತಿಂದ ಎಮ್ಮೆಗಳು

ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಬಡಾವಣೆಗಳಿಂದ ನದಿಗೆ ಸೇರುವ ಪೋಷಕಾಂಶಗಳನ್ನು ತಡೆಯಬೇಕಾದರೆ ಮುಖ್ಯವಾಗಿ ಯಾವುದರ ಬಗ್ಗೆ ತಿಳಿದಿರಬೇಕು ಸಾರ್ ಎಂದು ಕೇಳುತ್ತಾರೆ. ಕೇಳುವಾಗಲೇ ಪೆನ್ನಿನ ಮುಚ್ಚಳ ತೆಗೆದಿರುತ್ತಾರೆ. ಎಮ್ಮೆಯ ಬಗ್ಗೆ ಎನ್ನುತ್ತೇನೆ. ಮುಚ್ಚಳ ಹಾಕಿಕೊಳ್ಳುತ್ತಾರೆ. ಪಾಪ, ವಯಸ್ಸಾಯಿತು ಎಂಬ ಕನಿಕರ ಅವರ ಮುಖದ ಮೇಲೆ ಹಾದುಹೋಗುವುದು ನನಗೆ ಕಾಣುತ್ತದೆ. ಅವರು ಗೇಟು ದಾಟಿದ ಮೇಲೆ ನನ್ನ ಹೆಂಡತಿ, "ಆ ಮಕ್ಕಳಿಗೆ ಪೂರ್ತಿಯಾಗಿ ಹೇಳಬಾರದೇ?" ಎನ್ನುತ್ತಾಳೆ. ಪೂರ್ತಿಯಾಗಿ ಹೇಳಲು ಒಂದು ಲೋಟ ಕಾಫಿ ಸಾಲದು. ಆದ್ದರಿಂದ ಬರೆದಿಡುತ್ತಿದ್ದೇನೆ. ಬಡ್ತಿಗಳ ವಿಷಯ ಇದರಲ್ಲಿಲ್ಲ. ಅವು ಬರುವ ಕಾಲಕ್ಕೆ ಬಂದವು, ಹೋಗುವ ಕಾಲಕ್ಕೆ ನಾನೂ ಹೊರಟೆ. ಇಲ್ಲಿರುವುದು ಒಬ್ಬ ಹೆಡ್‌ಮೇಷ್ಟ್ರ ಗೃಹಪ್ರವೇಶವನ್ನು ಎಮ್ಮೆಗಳು ತಡೆಹಿಡಿದ ವಿಷಯ.

ಕೋಲಾರದಿಂದ ತಾಲ್ಲೂಕುಗಳನ್ನು ಬಿಡಿಸಿ ಚಿಕ್ಕಬಳ್ಳಾಪುರವನ್ನು ಹೊಸ ಜಿಲ್ಲೆ ಮಾಡಿದ್ದ ಕಾಲ ಅದು. ನಮ್ಮ ಕಚೇರಿ ತರಕಾರಿ ಮಂಡಿಯ ಹಿಂದೆ ಒಂದು ಮಹಡಿಯ ಮೇಲಿತ್ತು. ಕೆಳಗೆ ಹೂಕೋಸು ಕೊಳೆಯುತ್ತಿತ್ತು, ಮೇಲೆ ಕುಳಿತು ನಾವು ಮಾಲಿನ್ಯ ತಡೆಯುತ್ತಿದ್ದೆವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ಕಡೆ ರಾಗಿ ಹೊಲಗಳು ರಾತ್ರೋರಾತ್ರಿ ಸೈಟುಗಳಾಗುತ್ತಿದ್ದವು. ಆ ಸೈಟುಗಳ ಮೇಲೆ ಏಳುವ ಮನೆಗಳ ಕೊಚ್ಚೆ ನೀರು ಹಳ್ಳ ಹಿಡಿದು ನದಿ ಸೇರದಂತೆ, ಸೇರಿದರೂ ನದಿ ಕೆಡದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಜನ ನನ್ನನ್ನು ಗೌರವದಿಂದ ಕೊಚ್ಚೆ ಸಾಹೇಬರು ಎನ್ನುತ್ತಿದ್ದರು.

ಅಧಿಕಾರ ವಹಿಸಿಕೊಂಡ ವಾರದಲ್ಲೇ ನಾನು ಕಾಪಾಡಬೇಕಾದ ನದಿಯನ್ನು ಒಮ್ಮೆ ಕಣ್ಣಾರೆ ಕಾಣೋಣವೆಂದು ಗೌರಿಬಿದನೂರಿಗೆ ಹೋದೆ. ಉತ್ತರ ಪಿನಾಕಿನಿ. ಸೇತುವೆ ಇತ್ತು. ಸೇತುವೆಯ ಕೆಳಗೆ ಮರಳಿತ್ತು. ಮರಳಿನ ಮೇಲೆ ಲಾರಿಗಳಿದ್ದವು. ಮೇಕೆ ಕಾಯುತ್ತಿದ್ದ ಯಜಮಾನರೊಬ್ಬರನ್ನು ನದಿ ಎಲ್ಲಿ ಎಂದು ಕೇಳಿದೆ.

"ಇದೇ ಸ್ವಾಮಿ. ಮಳೆ ಬಂದ್ರೆ ಬರತ್ತೆ, ಬಂದಾಗ ಬನ್ನಿ" ಎಂದರು, ನೆಂಟರ ಮನೆಯವರು ಊರಲ್ಲಿಲ್ಲ ಎಂದು ಹೇಳುವ ಧಾಟಿಯಲ್ಲಿ.

ಇಡೀ ಹರವಿನಲ್ಲಿ ನೀರು ಕಂಡದ್ದು ಒಂದೇ ಕಡೆ, ಊರ ಮೋರಿ ಬಂದು ಸೇರುವ ಜಾಗದಲ್ಲಿ. ಅಂದರೆ, ನಾನು ನನ್ನ ಕರ್ತವ್ಯವನ್ನು ಸಂಪೂರ್ಣವಾಗಿ ನಿರ್ವಹಿಸಿದರೆ ನದಿಯೇ ಇಲ್ಲದಂತಾಗುವ ಪರಿಸ್ಥಿತಿ. ಈ ಧರ್ಮಸೂಕ್ಷ್ಮವನ್ನು ಮೇಲಧಿಕಾರಿಗಳ ಗಮನಕ್ಕೆ ತರುವುದು ಸೂಕ್ತವಲ್ಲವೆಂದು ತೋರಿತು.

ಮೇಲಧಿಕಾರಿಗಳೆಂದರೆ ನಮ್ಮ ದೊಡ್ಡ ಸಾಹೇಬರು. ಒಳ್ಳೆಯವರು, ಲಂಚ ಮುಟ್ಟದವರು, ಮಧ್ಯಾಹ್ನದ ಊಟಕ್ಕೆ ಮನೆಯಿಂದ ತಂದ ಮೊಸರನ್ನ ಬಿಟ್ಟು ಬೇರೇನೂ ಮುಟ್ಟದವರು. ಅವರಿಗಿದ್ದ ದೋಷ ಒಂದೇ. ಸರ್ಕಾರ ಅವರನ್ನು ಒಮ್ಮೆ ತರಬೇತಿಗೆ ಯಾವುದೋ ಚಳಿ ದೇಶಕ್ಕೆ ಕಳಿಸಿತ್ತು. ಅಲ್ಲಿ ಹೊಸ ಮನೆ ಕಟ್ಟುವವರು, ಆ ಮನೆಯಿಂದ ನದಿಗೆ ಎಷ್ಟು ಸಾರಜನಕ ಹೋಗುತ್ತದೆ, ಎಷ್ಟು ರಂಜಕ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಅಷ್ಟನ್ನೂ ಬೇರೆ ಕಡೆ ಹಿಡಿದು ನಿಲ್ಲಿಸುತ್ತೇವೆಂದು ತೋರಿಸಿಕೊಟ್ಟ ಮೇಲೆಯೇ ಅಡಿಪಾಯ ತೋಡುತ್ತಾರಂತೆ. ಸಾಹೇಬರು ಇದನ್ನು ಪೋಷಕಾಂಶ ಸಮತೋಲನ ಎಂದು ಕರೆದು, ಆ ಮಾತನ್ನು ಆಡುವಾಗಲೆಲ್ಲ ತಕ್ಕಡಿ ಹಿಡಿದಂತೆ ಎರಡೂ ಕೈಗಳನ್ನು ಎತ್ತುತ್ತಿದ್ದರು. ಆ ತಕ್ಕಡಿ ಸಮನಾಗುವುದನ್ನು ಕಣ್ಣಿಂದ ಕಾಣುವುದು ಅವರ ಬಾಳಿನ ಆಸೆ.

ಪೋಷಕಾಂಶ ಎಂದರೆ ಏನು ಎಂಬುದನ್ನು ನಾನು ಕಲಿತದ್ದು ಮಾತ್ರ ಶಿಡ್ಲಘಟ್ಟದಲ್ಲಿ. ಅಲ್ಲಿ ಒಂದು ಬಡಾವಣೆಯ ಕೊಚ್ಚೆ ಹಿಪ್ಪುನೇರಳೆ ತೋಟಗಳ ಕಡೆ ಹರಿಯುತ್ತಿತ್ತು. ರೈತರಿಗೆ ತೊಂದರೆಯಾಗಿರಬೇಕೆಂದು ವಿಚಾರಣೆಗೆ ಹೋದೆ. ದೂರು ಹೇಳಿ ಎಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಒಬ್ಬರು, ಆ ನೀರು ಬಂದಾಗಿನಿಂದ ಯೂರಿಯಾ ಮೂಟೆ ತರುವುದು ತಪ್ಪಿದೆ, ಸೊಪ್ಪು ಆಳೆತ್ತರ ಬಂದಿದೆ, ಆದ್ದರಿಂದ ದೂರು ಏನೆಂದರೆ ಬಡಾವಣೆಯಲ್ಲಿ ಮನೆಗಳು ಸಾಲದು, ಇನ್ನೊಂದಿಷ್ಟು ಸಂಸಾರಗಳನ್ನು ಕರೆಸಿ ಎಂದರು. ಗದ್ದೆಗೆ ಹೋದರೆ ಗೊಬ್ಬರ, ಹೊಳೆಗೆ ಹೋದರೆ ಗ್ರಹಚಾರ. ಎರಡೂ ಒಂದೇ ವಸ್ತು, ವಿಳಾಸ ಮಾತ್ರ ಬೇರೆ. ಹೊಳೆಗೆ ಹೋದಾಗ ಆ ಗೊಬ್ಬರವನ್ನು ಉಂಡು ಪಾಚಿ ಕೊಬ್ಬುತ್ತದೆ, ನೀರು ಉಸಿರು ಕಟ್ಟುತ್ತದೆ, ಮೀನು ಹೊಟ್ಟೆ ಮೇಲಾಗುತ್ತದೆ. ಇಷ್ಟು ತಿಳಿದರೆ ನಮ್ಮ ಇಲಾಖೆಯಲ್ಲಿ ಸಾಕಷ್ಟು ತಿಳಿದಂತೆ. ಮಿಕ್ಕಿದ್ದು ಎಮ್ಮೆ.

ಎಮ್ಮೆಗೆ ಬರುವ ಮುಂಚೆ ಚಿಂತಾಮಣಿಯ ಪ್ರಸಂಗವನ್ನೂ ಹೇಳಿಬಿಡಬೇಕು, ಅದರ ಪರಿಣಾಮ ಮುಂದೆ ಬರುತ್ತದೆ. ಆಗ ನಮ್ಮಲ್ಲಿ ನೀರು ಪರೀಕ್ಷೆ ಮಾಡುವ ವ್ಯವಸ್ಥೆ ಇರಲಿಲ್ಲ. ಮಾದರಿಯನ್ನು ಬಾಟಲಿಗೆ ತುಂಬಿ, ಬಾಟಲಿಯನ್ನು ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಬೆಂಗಳೂರಿನ ಬಸ್ಸಿನ ಕಂಡಕ್ಟರರ ಕೈಗೆ ಒಪ್ಪಿಸುತ್ತಿದ್ದೆವು. ಚಿಂತಾಮಣಿಯ ಕೆರೆಯ ನೀರನ್ನು ಹಾಗೆ ಕಳಿಸಿದ ದಿನ ಅದೇ ಬಸ್ಸಿನಲ್ಲಿ ಐಸ್ ಕ್ಯಾಂಡಿ ಮಾರುವವನೊಬ್ಬನೂ ತನ್ನ ಪೆಟ್ಟಿಗೆಯ ಸಮೇತ ಹತ್ತಿದ್ದ. ಪೆಟ್ಟಿಗೆಗಳು ಅಣ್ಣತಮ್ಮಂದಿರಂತೆ ಇದ್ದವು. ಎರಡು ವಾರದ ಮೇಲೆ ಪ್ರಯೋಗಾಲಯದಿಂದ ವರದಿ ಬಂತು: ಮಾದರಿಯ ಬಣ್ಣ ಕಿತ್ತಳೆ, ಸಕ್ಕರೆಯ ಅಂಶ ವಿಪರೀತ, ತೇಲುವ ಘನವಸ್ತು ಒಂದು ಕಡ್ಡಿ. ದೊಡ್ಡ ಸಾಹೇಬರು ಗಾಢವಾಗಿ ಯೋಚಿಸಿ, ಯಾರೋ ರೇಷ್ಮೆಗೆ ಬಣ್ಣ ಹಾಕುವವರು ಕೆರೆಗೆ ಬಣ್ಣ ಬಿಡುತ್ತಿದ್ದಾರೆಂದು ತೀರ್ಮಾನಿಸಿ ನೋಟೀಸು ತಯಾರಿಸಿದರು. ಕಡ್ಡಿಗೆ ಅವರು ಕೊಟ್ಟ ವೈಜ್ಞಾನಿಕ ವಿವರಣೆ ಒಂದೂವರೆ ಪುಟವಿತ್ತು. ನಮ್ಮ ಕೆರೆಯ ನೀರನ್ನು ಆ ಕ್ಯಾಂಡಿಯವನು ಏನು ಮಾಡಿದನೆಂಬುದು ಇವತ್ತಿಗೂ ತಿಳಿಯದು. ಬೇಸಿಗೆಯಾದ್ದರಿಂದ ಆ ದಿಕ್ಕಿನಲ್ಲಿ ತನಿಖೆ ಮಾಡಲು ನನಗೆ ಧೈರ್ಯ ಬರಲಿಲ್ಲ.

ಈಗ ಲೇಕ್ ವ್ಯೂ ಬಡಾವಣೆ. ಆ ಹೆಸರಿನ ಬಡಾವಣೆಗಳು ಊರೂರಿಗೂ ಇವೆ, ಇದು ಯಾವುದೆಂದು ಹುಡುಕಲು ಹೊರಡಬೇಡಿ. ಗೌರಿಬಿದನೂರಿನ ಆಚೆ ಒಂದು ಒಣ ಕುಂಟೆಯ ಪಕ್ಕದಲ್ಲಿ ವೆಂಕಟರೆಡ್ಡಿ ಎಂಬವರು ಅದನ್ನು ಮಾಡಿದ್ದರು. ಹೆಸರಿಟ್ಟಾಗ ಅಲ್ಲಿ ಲೇಕೂ ಇರಲಿಲ್ಲ, ವ್ಯೂ ಕೂಡ ಇರಲಿಲ್ಲ. ಮೊದಲ ಸಾಲಿನ ಮನೆಗಳಿಗೆ ಜನ ಬಂದು ಸ್ನಾನ, ಬಟ್ಟೆ, ಪಾತ್ರೆ ಇತ್ಯಾದಿ ಶುರು ಮಾಡಿದ ಮೇಲೆ ಎಲ್ಲ ಹರಿದು ಕುಂಟೆಯಲ್ಲಿ ನಿಂತು, ರೆಡ್ಡಿಯವರು ಕೊಟ್ಟ ಲೇಕಿನ ಮಾತನ್ನು ನಿವಾಸಿಗಳೇ ನಡೆಸಿಕೊಟ್ಟರು. ಕುಂಟೆ ತುಂಬಿ ಹಳ್ಳಕ್ಕೆ ಹರಿಯಿತು, ಹಳ್ಳ ಪಿನಾಕಿನಿಗೆ ಹರಿಯಿತು. ಸೇತುವೆಯ ಕೆಳಗೆ ಮರಳಿನ ಮೇಲೆ ಹಸಿರು ಪಾಚಿ ಹಾಸಿಕೊಂಡಿತು.

ಸಾಹೇಬರಿಗೆ ಹುರುಪು ಬಂತು. ಅವರ ಯೋಜನೆಯಂತೆ ಕುಂಟೆಯಲ್ಲಿ ಜೊಂಡನ್ನೂ ನೀರಿನಲ್ಲಿ ಬೆಳೆಯುವ ಮೇವಿನ ಹುಲ್ಲನ್ನೂ ನೆಡಲಾಯಿತು. ಗಿಡಗಳು ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಹೀರುತ್ತವೆ. ಬೆಳೆದ ಮೇಲೆ ಕೊಯ್ದು ದೂರ ಸಾಗಿಸಬೇಕು. ನೀರು ತಿಳಿಯಾಗುತ್ತದೆ. ಯೋಜನೆಯಲ್ಲಿ ತಪ್ಪೇನೂ ಇರಲಿಲ್ಲ, ಇವತ್ತಿಗೂ ಅದು ಸರಿಯೇ. ಕುಂಟೆಯ ನೀರು ಪರೀಕ್ಷೆಯಲ್ಲಿ ಪಾಸಾಗುವವರೆಗೆ ಎರಡನೆಯ ಸಾಲಿನ ಮನೆಗಳಿಗೆ ಚರಂಡಿ ಸಂಪರ್ಕ ಕೊಡಕೂಡದು, ಯಾರೂ ವಾಸಕ್ಕೆ ಬರಕೂಡದು ಎಂದು ಆದೇಶವಾಯಿತು. ಆ ಆದೇಶವನ್ನು ಮನೆಮನೆಗೆ ಅಂಟಿಸಲು ಹೋದವನು ನಾನು.

ಎರಡನೆಯ ಸಾಲಿನ ಮೊದಲ ಮನೆ ನಿವೃತ್ತ ಹೆಡ್‌ಮೇಷ್ಟ್ರು ರಾಮಕೃಷ್ಣಪ್ಪನವರದು. ಸುಣ್ಣಬಣ್ಣ ಆಗಿತ್ತು, ಬಾಗಿಲಿಗೆ ಅರಿಶಿನ ಬಳಿದಿತ್ತು, ಗೃಹಪ್ರವೇಶಕ್ಕೆ ದಿನ ಇಟ್ಟಾಗಿತ್ತು. ಮೆಟ್ಟಿಲ ಮೇಲೆ ಅವರ ತಾಯಿ ಸುಬ್ಬಜ್ಜಿ ಒಂದು ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಗ ವರ್ಗವಾದ ಊರಿಗೆಲ್ಲ ಆಕೆಯೂ ವರ್ಗವಾಗಿ, ಜೀವಮಾನವಿಡೀ ಬೇರೆಯವರ ಒಲೆಯಲ್ಲಿ ಅಡುಗೆ ಮಾಡಿದವರು. ಸ್ವಂತ ಒಲೆಯಲ್ಲಿ ಒಮ್ಮೆ ಹಾಲುಕ್ಕಿಸಬೇಕು, ಇದೊಂದು ಬಿಟ್ಟು ಅವರಿಗೆ ಬೇರೆ ಆಸೆ ಇರಲಿಲ್ಲ. ನಾನು ಆದೇಶವನ್ನು ಓದಿ ಹೇಳಿದೆ. ಪೂರ್ತಿ ಕೇಳಿದರು.

"ಅಂದ್ರೆ ನಾವು ಬಂದ್ರೆ ಹೊಳೆ ಕೆಡ್ತದೆ ಅಂತಾನಾ ಮಗಾ?"

ಹಾಗಲ್ಲ ಅಜ್ಜಿ, ತಾತ್ಕಾಲಿಕ ಎಂದೆ.

"ನಾನೂ ತಾತ್ಕಾಲಿಕವೇ ಕಣಪ್ಪ. ಜಲ್ದಿ ಮಾಡು" ಎಂದರು.

ಇಟ್ಟ ದಿನ ತಪ್ಪಿತು. ಇನ್ನೊಂದು ದಿನ ಇಟ್ಟರು, ಅದೂ ತಪ್ಪಿತು. ಜ್ಯೇಷ್ಠ ಕಳೆದು ಆಷಾಢ ಬಂದರೆ ಶ್ರಾವಣದವರೆಗೆ ಗೃಹಪ್ರವೇಶದ ಮಾತೇ ಇಲ್ಲ. ಇತ್ತ ಬಾಡಿಗೆ ಮನೆಯ ಯಜಮಾನರು ಮಗನ ಮದುವೆಗೆ ಮನೆ ಬೇಕೆಂದು ದಿನಕ್ಕೊಮ್ಮೆ ಬಂದು ಗೋಡೆ ತಟ್ಟಿ ನೋಡಿ ಹೋಗುತ್ತಿದ್ದರಂತೆ. ಕುಂಟೆಯ ನೀರು ಆಷಾಢದೊಳಗೆ ಪಾಸಾಗಬೇಕಿತ್ತು. ಹುಲ್ಲು ಮಾತ್ರ ಸೊಗಸಾಗಿ ಬೆಳೆಯುತ್ತಿತ್ತು. ಕೊಯ್ದು ಸಾಗಿಸುವುದು ಯಾರ ಕೆಲಸವೆಂದು ಯಾರೂ ತೀರ್ಮಾನಿಸಿರಲಿಲ್ಲ. ತೀರ್ಮಾನಿಸಿದವರು ನಂಜಮ್ಮ.

ನಂಜಮ್ಮ ಪಕ್ಕದ ಹಳ್ಳಿಯವರು, ನಗರಗೆರೆ ಕಡೆಯಿಂದ ಸೊಸೆಯಾಗಿ ಬಂದವರು. ಅವರಿಗೆ ನಾಲ್ಕು ಎಮ್ಮೆ. ಅವುಗಳ ಮುಖಂಡತ್ವ ವಹಿಸಿದ್ದದ್ದು ಕೊಂಬು ಒಂದು ಕಡೆ ಜೋತುಬಿದ್ದ ಗೌರಿ. ಎಮ್ಮೆಗಳು ಬೆಳಿಗ್ಗೆ ಬಂದು ಸಂಜೆಯವರೆಗೆ ನಮ್ಮ ಹುಲ್ಲು ಮೇಯುತ್ತಿದ್ದವು. ಸಾಹೇಬರು ಮೊದಲ ಸಲ ಇದನ್ನು ನೋಡಿದಾಗ ಭಾವಪರವಶರಾದರು. ಖರ್ಚಿಲ್ಲದೆ ಕಟಾವು. ನಿಸರ್ಗವೇ ನಿಸರ್ಗಕ್ಕೆ ನೆರವಾಗುವ ಪರಿ ಎಂದು ಅದನ್ನು ವರ್ಣಿಸಿ ಸರ್ಕಾರಕ್ಕೆ ಬರೆದರು. ಗೌರಿಯ ಫೋಟೋ ಕೂಡ ಲಗತ್ತಿಸಿದ್ದರು.

ಪರೀಕ್ಷೆಗೆ ನೀರು ಕಳಿಸಿದೆವು. ಹಿಂದಿನದಕ್ಕಿಂತ ಕೆಟ್ಟಿತ್ತು. ಇನ್ನೊಮ್ಮೆ ಕಳಿಸಿದೆವು. ಇನ್ನೂ ಕೆಟ್ಟಿತ್ತು. ಐಸ್ ಕ್ಯಾಂಡಿಯವನ ಕೈವಾಡವೇ ಎಂದು ವಿಚಾರಿಸಿದೆವು, ಅಲ್ಲ. ಆಗ ಸಾಹೇಬರಿಂದ ನನಗೆ ಲಿಖಿತ ಆಜ್ಞೆ ಬಂತು: ಸದರಿ ಎಮ್ಮೆಗಳು ತಿಂದ ರಂಜಕವನ್ನು ಯಾವ ಸ್ಥಳದಲ್ಲಿ ವಿಸರ್ಜಿಸುತ್ತವೆ ಎಂಬುದನ್ನು ಖುದ್ದಾಗಿ ಪರಿಶೀಲಿಸಿ ವರದಿ ಸಲ್ಲಿಸತಕ್ಕದ್ದು.

ಕುಂಟೆಯ ಏರಿಯ ಮೇಲೆ ಹೊಂಗೆ ಮರದ ಕೆಳಗೆ ಛತ್ರಿ ಬಿಚ್ಚಿ ಕೂತೆ. ವಿಷಯ ತಿಳಿದು ಹೆಡ್‌ಮೇಷ್ಟ್ರೂ ಬಂದು ಕೂತರು. ಮಗನ ಹಿಂದೆ ಸುಬ್ಬಜ್ಜಿಯೂ ಗಂಟಿನ ಸಮೇತ ಬಂದರು. ಮೂವರೂ ಎಮ್ಮೆಗಳ ಹಿಂಭಾಗವನ್ನು ಏಕಾಗ್ರತೆಯಿಂದ ನೋಡುತ್ತಾ ಕೂತೆವು. ಎಮ್ಮೆಗಳು ದಡದಲ್ಲಿ ಹೊಟ್ಟೆ ತುಂಬ ಮೇದವು. ಬಿಸಿಲೇರಿತು. ಗೌರಿ ಒಮ್ಮೆ ನಮ್ಮ ಕಡೆ ತಿರುಗಿ ನೋಡಿ ನೀರಿಗೆ ಇಳಿಯಿತು. ಉಳಿದವು ಹಿಂಬಾಲಿಸಿದವು. ಕತ್ತಿನವರೆಗೆ ಮುಳುಗಿ, ಕಣ್ಣು ಅರೆ ಮುಚ್ಚಿ, ಪರಮ ನೆಮ್ಮದಿಯಿಂದ ಎಲ್ಲವನ್ನೂ ನೀರಿನಲ್ಲೇ ಬಿಟ್ಟವು. ಸಂಜೆಯವರೆಗೆ ನೋಡಿದೆವು, ಒಂದು ಹಿಡಿ ಸಗಣಿಯೂ ದಡದ ಪಾಲಿಗೆ ಬೀಳಲಿಲ್ಲ. ಗಿಡಗಳು ಕಷ್ಟಪಟ್ಟು ನೀರಿನಿಂದ ಎತ್ತಿದ್ದನ್ನು ಎಮ್ಮೆಗಳು ಕಷ್ಟವಿಲ್ಲದೆ ನೀರಿಗೇ ಮರಳಿಸುತ್ತಿದ್ದವು, ತಮ್ಮ ಮನೆಯಿಂದ ತಂದದ್ದನ್ನು ಸ್ವಲ್ಪ ಸೇರಿಸಿ.

ನಂಜಮ್ಮ ಎಮ್ಮೆ ಹೊಡೆದುಕೊಂಡು ಹೋಗಲು ಬಂದರು. ನಮ್ಮನ್ನು ನೋಡಿ ನಿಂತರು.

"ಏನ್ ಸ್ವಾಮಿ, ಬೆಳಿಗ್ಗೆಯಿಂದ ನಮ್ಮ ಎಮ್ಮೆ ಬಾಲ ನೋಡ್ಕಂಡು ಕೂತಿದೀರಂತೆ. ಸರ್ಕಾರ ಇದುಕ್ಕೂ ಸಂಬಳ ಕೊಡ್ತದಾ?"

ಕೊಡುತ್ತದೆ ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ಹಂಗಾದ್ರೆ ನನ್ ಗಂಡನ್ನೂ ಸೇರಿಸ್ಕಳಿ. ಅವನಿಗೆ ಇದೇ ಕೆಲ್ಸ."

ವರದಿ ಓದಿ ಸಾಹೇಬರು ಮೊದಲು ಫಲಕ ಹಾಕಿಸಿದರು: ಈ ಕೊಳದಲ್ಲಿ ಜಾನುವಾರುಗಳಿಗೆ ಪ್ರವೇಶವಿಲ್ಲ. ಕಲ್ಲಿನ ಕಂಬ, ಒರಟು ಅಂಚು. ಗೌರಿ ಅದನ್ನು ಮೂಸಿ ನೋಡಿ, ಕುತ್ತಿಗೆಯನ್ನು ಅದಕ್ಕೆ ಒತ್ತಿ ಹಿತವಾಗಿ ಉಜ್ಜಿಕೊಂಡಿತು. ಸುದ್ದಿ ಹೇಗೆ ಹಬ್ಬಿತೋ, ಒಂದೇ ವಾರದಲ್ಲಿ ಹಳ್ಳಿಯ ಮಿಕ್ಕ ಎಮ್ಮೆಗಳೂ ಮೈ ತುರಿಸಿಕೊಳ್ಳಲು ಬರಲಾರಂಭಿಸಿದವು. "ಓದಕ್ಕೆ ಬರ್ದಿದ್ರೂ ಬೋರ್ಡನ್ನ ಚೆನ್ನಾಗಿ ಉಪಯೋಗಿಸ್ಕತಾ ಅವೆ" ಎಂದು ಸುಬ್ಬಜ್ಜಿ ಮೆಚ್ಚಿಕೊಂಡರು. ಆಮೇಲೆ ವೆಂಕಟರೆಡ್ಡಿಯವರು ಜಾಲಿಮುಳ್ಳಿನ ಬೇಲಿ ಹಾಕಿಸಿದರು. ಅದು ನಾಲ್ಕು ದಿನದಲ್ಲಿ ಸೌದೆಯಾಯಿತು. ರೆಡ್ಡಿಯವರು ನನ್ನ ಹತ್ತಿರ ಬಂದು ಅರ್ಧ ತೆಲುಗಿನಲ್ಲಿ ಗೋಳಾಡಿದರು. "ಏಂ ಸಾರ್ ಇದಿ, ಪಂಚಾಯ್ತಿ ಪರ್ಮಿಷನ್ ತಂದೆ, ಪ್ಲಾನಿಂಗ್ ಪರ್ಮಿಷನ್ ತಂದೆ, ಇವಾಗ ಎಮ್ಮೆ ಪರ್ಮಿಷನ್ ಎಲ್ಲಿ ಕೊಡ್ತಾರೆ?"

ಅವರು ತಮಾಷೆಗೆ ಕೇಳಿದ್ದರು. ನನಗೆ ರಾತ್ರಿ ಊಟ ಮಾಡುವಾಗ ಅದು ತಮಾಷೆಯಲ್ಲ ಎನ್ನಿಸಿತು. ಶಿಡ್ಲಘಟ್ಟದವರ ದೂರು ನೆನಪಾಯಿತು. ವಸ್ತು ಒಂದೇ, ವಿಳಾಸ ಬದಲಾಗಬೇಕು. ಎಮ್ಮೆ ಹುಲ್ಲಿನ ಬಳಿಗೆ ಬರುವ ಬದಲು ಹುಲ್ಲೇ ಎಮ್ಮೆಯ ಬಳಿಗೆ ಹೋದರೆ, ಸಗಣಿ ಕೊಟ್ಟಿಗೆಯಲ್ಲಿ ಬೀಳುತ್ತದೆ, ಕೊಟ್ಟಿಗೆಯಿಂದ ತಿಪ್ಪೆಗೆ, ತಿಪ್ಪೆಯಿಂದ ರಾಗಿ ಹೊಲಕ್ಕೆ. ಹೊಳೆಗೆ ದಾರಿಯೇ ಇಲ್ಲ.

ಮಾರನೆಯ ದಿನ ನಂಜಮ್ಮನ ಅಂಗಳದಲ್ಲಿ ಸಂಧಾನ ಸಭೆ ಸೇರಿತು. ಒಂದು ಕಡೆ ಸರ್ಕಾರದ ಪರವಾಗಿ ನಾನು, ಬಡಾವಣೆಯ ಪರವಾಗಿ ರೆಡ್ಡಿಯವರು, ಸಂತ್ರಸ್ತರ ಪರವಾಗಿ ಹೆಡ್‌ಮೇಷ್ಟ್ರು. ಇನ್ನೊಂದು ಕಡೆ ನಂಜಮ್ಮ. ಹಿಂದೆ ಗೌರಿ ನಿಂತು ಮೆಲುಕು ಹಾಕುತ್ತಾ ಎಲ್ಲವನ್ನೂ ಆಲಿಸುತ್ತಿತ್ತು. ನಂಜಮ್ಮ ಸುಲಭಕ್ಕೆ ಬಗ್ಗಲಿಲ್ಲ. ಆ ಕುಂಟೆಯಲ್ಲಿ ಮಳೆ ನೀರು ನಿಂತಾಗಲೆಲ್ಲ ಅವರ ಮಾವನ ಕಾಲದಿಂದ ಎಮ್ಮೆ ಬೀಳುತ್ತಿದ್ದವು, ಲೇಔಟು ನಿನ್ನೆ ಬಂದದ್ದು. ಮೇಲಾಗಿ ಈ ಹುಲ್ಲು ತಿಂದಾಗಿನಿಂದ ಡೈರಿಯಲ್ಲಿ ಹಾಲಿನ ಫ್ಯಾಟು ಏರಿತ್ತು. ಕೊನೆಗೆ ಮೂರು ಷರತ್ತು ಹಾಕಿದರು. ಹುಲ್ಲು ದಿನಾ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಬಾಗಿಲಿಗೆ ಬರಬೇಕು. ಎಮ್ಮೆಗಳು ಬಿಸಿಲಿಗೆ ಮುಳುಗಲು ರೆಡ್ಡಿಯವರು ಕೊಟ್ಟಿಗೆ ಹಿಂದೆ ಒಂದು ತೊಟ್ಟಿ ಕಟ್ಟಿಸಿ ಬೋರಿನ ನೀರು ಬಿಡಿಸಬೇಕು, ತೊಟ್ಟಿಯ ಕೊಳೆನೀರು ಅವರ ಹೊಲಕ್ಕೇ ಹೋಗಬೇಕು. ಮೂರನೆಯದು:

"ನಮ್ಮ ಎಮ್ಮೆ ಎಲ್ಲಿ ಸಗಣಿ ಹಾಕಿದ್ರೂ ಅದು ನಂದು. ಬೇರೆಯವರು ಮುಟ್ಟಂಗಿಲ್ಲ. ಸರ್ಕಾರದೋರೂ ಅಷ್ಟೇ."

ಸರ್ಕಾರದ ಪರವಾಗಿ ಆ ಹಕ್ಕನ್ನು ನಾನು ಅಲ್ಲೇ ಬಿಟ್ಟುಕೊಟ್ಟೆ.

ಉಳಿದದ್ದು ಹುಲ್ಲು ಕೊಯ್ಯುವವರು ಯಾರು ಎಂಬುದು. ಅದು ಕೊಚ್ಚೆಯ ಕುಂಟೆ. ರೆಡ್ಡಿಯವರ ಆಳುಗಳು ಮೂಗು ಮುಚ್ಚಿಕೊಂಡು ಓಡಿದರು. ಆಷಾಢ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹೆಡ್‌ಮೇಷ್ಟ್ರು ಪ್ಯಾಂಟನ್ನು ಮಂಡಿಯ ಮೇಲೆ ಮಡಿಸಿ, ಜೇಬಿನಲ್ಲಿ ಪೆನ್ನು ಹಾಗೆಯೇ ಇರಲು, ಕುಡುಗೋಲು ಹಿಡಿದು ನೀರಿನಲ್ಲಿ ನಿಂತಿದ್ದರು. ಏರಿಯ ಮೇಲೆ ಸುಬ್ಬಜ್ಜಿ.

"ಹಂಗಲ್ಲ ಕಣೋ, ಬುಡಕ್ಕೆ ಹಿಡಿ. ಸೀಮೆಸುಣ್ಣ ಹಿಡ್ದಂಗೆ ಹಿಡೀತಾನೆ ನೋಡು. ನಿಮ್ಮಪ್ಪ ಇದನ್ನ ನೋಡಿದ್ದಿದ್ರೆ ಹೊಲ ಮಾರಿ ನಿನ್ನ ಓದಿಸ್ತಿರ್ಲಿಲ್ಲ."

ಎರಡನೆಯ ಸಾಲಿನ ಮಿಕ್ಕವರಿಗೂ ನಾಚಿಕೆಯಾಯಿತು. ಬ್ಯಾಂಕಿನ ಮ್ಯಾನೇಜರು, ವಿಮೆ ಏಜೆಂಟರು, ಬಟ್ಟೆ ಅಂಗಡಿಯವರು ಒಬ್ಬೊಬ್ಬರಾಗಿ ನೀರಿಗಿಳಿದರು. ಕೊಯ್ದ ಹುಲ್ಲನ್ನು ನಂಜಮ್ಮನ ಬಾಗಿಲಿಗೆ ಸಾಗಿಸುವ ಹೊಣೆ ಮಾತ್ರ ಹೆಡ್‌ಮೇಷ್ಟ್ರದೇ, ಏಕೆಂದರೆ ಅವರ ಹತ್ತಿರ ಹಳೆಯ ಮೊಪೆಡ್ ಇತ್ತು. ಅದರ ಹಿಂದೆ ಹೊರೆ ಕಟ್ಟಿಕೊಂಡು ಹೊರಟರೆ ಮೇಷ್ಟ್ರು ಕಾಣುತ್ತಿರಲಿಲ್ಲ, ಹುಲ್ಲಿನ ಮೆದೆಯೊಂದು ಪಟಪಟ ಸದ್ದು ಮಾಡುತ್ತಾ ತಾನೇ ಹೋದಂತಿರುತ್ತಿತ್ತು. ಅವರ ಹಳೆಯ ಶಿಷ್ಯರು ದಾರಿಯಲ್ಲಿ ನಿಂತು ಮೆದೆಗೆ ನಮಸ್ಕಾರ ಮಾಡುತ್ತಿದ್ದರು. ಎಮ್ಮೆಗಳಿಗೆ ಆ ಸದ್ದು ಎಷ್ಟು ಅಭ್ಯಾಸವಾಯಿತೆಂದರೆ ಮೊಪೆಡ್ ಊರ ಹೊರಗಿದ್ದಾಗಲೇ ಕಿವಿ ನಿಮಿರಿಸುತ್ತಿದ್ದವು. ಗೌರಿಯಂತೂ ಹಗ್ಗ ಕಿತ್ತುಕೊಂಡು ಎದುರುಗೊಳ್ಳಲು ಬರುತ್ತಿತ್ತು.

ಕುಂಟೆಯ ನೀರು ಕಣ್ಣಿಗೆ ಕಾಣುವಂತೆ ತಿಳಿಯಾಯಿತು. ಪರೀಕ್ಷೆಗೆ ಮಾದರಿ ತುಂಬಿ, ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿದೆ. ಬಸ್ಸಿನವರಿಗೆ ಕೊಡುತ್ತೇನೆಂದಾಗ ಹೆಡ್‌ಮೇಷ್ಟ್ರು ಒಪ್ಪಲಿಲ್ಲ, ಚಿಂತಾಮಣಿಯ ಕಥೆ ಅವರಿಗೆ ಗೊತ್ತಾಗಿತ್ತು. ಇಬ್ಬರೂ ರೈಲಿನಲ್ಲಿ ಹೊರಟೆವು. ಮೇಷ್ಟ್ರು ಪೆಟ್ಟಿಗೆಯನ್ನು ಮೇಲಿಡಲಿಲ್ಲ, ಕೆಳಗಿಡಲಿಲ್ಲ, ತೊಡೆಯ ಮೇಲೆ ಮಗುವಿನಂತೆ ಹಿಡಿದು ಕೂತರು. ಐಸು ಕರಗಿ ಪಂಚೆ ಒದ್ದೆಯಾಯಿತು. ಎದುರಿಗೆ ಕೂತಿದ್ದ ಹೆಂಗಸೊಬ್ಬರು ಮರುಕದಿಂದ ಅದರಲ್ಲೇನು ಎಂದು ಕೇಳಿದರು.

"ನಮ್ಮ ಮನೆ ಇದೆಯಮ್ಮ" ಎಂದರು ಮೇಷ್ಟ್ರು.

ಆಕೆ ಮುಂದಿನ ನಿಲ್ದಾಣದಲ್ಲಿ ಬೇರೆ ಸೀಟಿಗೆ ಹೋದರು.

ನೀರು ಪಾಸಾಯಿತು. ಆಷಾಢಕ್ಕೆ ಇನ್ನು ಕೆಲವೇ ದಿನವಿರುವಾಗ ವರದಿ ಕೈಗೆ ಬಂತು. ನಾನು ಹೋಗಿ ಬಾಗಿಲ ಮೇಲಿನ ಆದೇಶವನ್ನು ಕಿತ್ತೆ. ಅರಿಶಿನ ಕೂಡ ಸ್ವಲ್ಪ ಕಿತ್ತುಬಂತು. ಸುಬ್ಬಜ್ಜಿ ಮಡಿಲಲ್ಲಿದ್ದ ಗಂಟನ್ನು ಮೊದಲ ಸಲ ಕೆಳಗಿಟ್ಟರು.

ಗೃಹಪ್ರವೇಶಕ್ಕೆ ದೊಡ್ಡ ಸಾಹೇಬರೂ ದಯಮಾಡಿಸಿದರು. ಬೆಳಗಿನ ಮುಹೂರ್ತ. ಪುರೋಹಿತರು ಹಸುವಿಗಾಗಿ ಕಾಯುತ್ತಿದ್ದರು. ಮೊದಲು ಹಸು ಹೊಸಿಲು ದಾಟಬೇಕು, ಆಮೇಲೆ ಮನೆಯವರು. ಹಸುವನ್ನು ಅದರ ಯಜಮಾನ ಬಡಾವಣೆಯ ಗೇಟಿನವರೆಗೆ ತಂದಿದ್ದ. ಅಷ್ಟರಲ್ಲಿ ಬಾಗಿಲಿಗೆ ಕಟ್ಟಲು ಮಾವಿನ ಸೊಪ್ಪು ಸಾಲದೆಂದು ಯಾರೋ ಅಂದರು. ಹೆಡ್‌ಮೇಷ್ಟ್ರು ಹೊಸ ಪಂಚೆಯಲ್ಲೇ ಮೊಪೆಡ್ ಹತ್ತಿ ಹೋಗಿ, ಹಿಂದೆ ಸೊಪ್ಪಿನ ಹೊರೆ ಕಟ್ಟಿಕೊಂಡು ಪಟಪಟ ಸದ್ದಿನೊಡನೆ ಮರಳಿದರು. ಆ ದಿನ ನಂಜಮ್ಮನ ಮನೆಗೆ ಹುಲ್ಲು ಕೊಡುವುದು ತಡವಾಗಿತ್ತು. ಇದನ್ನು ಯಾರೂ ಯೋಚಿಸಿರಲಿಲ್ಲ.

ಮೊಪೆಡ್ಡಿನ ಹಿಂದೆ ಗೌರಿ ಓಡಿಬಂತು. ಕುತ್ತಿಗೆಯಲ್ಲಿ ಕಿತ್ತ ಹಗ್ಗ. ಮೇಷ್ಟ್ರು ಸೊಪ್ಪನ್ನು ಎದೆಗಪ್ಪಿಕೊಂಡು ಗಾಬರಿಯಲ್ಲಿ ಬಾಗಿಲ ಕಡೆ ಓಡಿದರು. ಅವರು ಹೊಸಿಲಲ್ಲಿ ನಿಂತು ಪಕ್ಕಕ್ಕೆ ಸರಿದರು, ಗೌರಿ ಸರಿಯಲಿಲ್ಲ. ಮಂಗಳವಾದ್ಯದವರು ತಮಗೆ ಹೇಳಿದ್ದ ಪ್ರಕಾರ, ಪ್ರಾಣಿ ಒಳಗೆ ಹೋದ ಕೂಡಲೇ ಜೋರಾಗಿ ಊದಿದರು.

ಪುರೋಹಿತರು ಮಂತ್ರ ನಿಲ್ಲಿಸಿದರು. ಎಮ್ಮೆ ಯಾರ ವಾಹನವೆಂಬುದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸುಬ್ಬಜ್ಜಿಯ ಕಡೆ ನೋಡಿದರು, ವಯಸ್ಸಿನ ದೃಷ್ಟಿಯಿಂದ ಅದು ಹೆಚ್ಚಾಗಿ ಅವರಿಗೇ ಸಂಬಂಧಪಟ್ಟ ವಿಷಯವಾಗಿತ್ತು.

"ಯಮನ ಕೋಣ ಗಂಡು, ಇದು ಹೆಣ್ಣು" ಎಂದರು ಅಜ್ಜಿ. "ಇಷ್ಟು ದಿನ ಬಾಗಿಲು ಮುಚ್ಚಿಸಿದ್ದೂ ಇದೇ, ತೆಗೆಸಿದ್ದೂ ಇದೇ. ಬಂತಲ್ಲ ಬಿಡಿ, ದೊಡ್ಡೋಳು ಮೊದಲು ಬರ್ಲಿ. ಹಸು ಹಿಂದಿಂದ ಬರತ್ತೆ. ಓದಿ ಸ್ವಾಮಿ ನೀವು."

ಪುರೋಹಿತರು ಓದಿದರು. ಗೌರಿ ನಡುಮನೆಯಲ್ಲಿ, ಹೊಳೆಯುವ ಹೊಸ ಟೈಲ್ಸಿನ ಮೇಲೆ, ಸಾಹೇಬರ ಎದುರಿಗೇ ನಿಂತು ಬಾಲ ಎತ್ತಿತು.

ಗೌರಿಯ ಕಾರ್ಯ ಮುಗಿದ ಮೇಲೆ ಸಾಹೇಬರು ಮೆಲ್ಲಗೆ ನನ್ನ ಕಿವಿಯಲ್ಲಿ, ಇದನ್ನು ಬಡಾವಣೆಯ ಲೆಕ್ಕಕ್ಕೆ ಹಾಕಬೇಕೋ ಹಳ್ಳಿಯ ಲೆಕ್ಕಕ್ಕೋ ಎಂದು ಕೇಳಿದರು. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ನಂಜಮ್ಮ ಮಂಕರಿಯೊಂದಿಗೆ ಒಳಗೆ ಬಂದರು. ಯಾರನ್ನೂ ಕೇಳಲಿಲ್ಲ. ಬಾಗಿ, ಎರಡೂ ಕೈಯಿಂದ ಬಾಚಿ ಮಂಕರಿಗೆ ತುಂಬಿಕೊಂಡು, ಮೂರನೆಯ ಷರತ್ತು ಎಂದು ನನ್ನ ಕಡೆ ನೋಡಿ ಹೇಳಿ, ಮಂಕರಿಯನ್ನು ಸೊಂಟಕ್ಕೆ ಏರಿಸಿದರು. ಹೊಸಮನೆಗೆ ಬರಿಗೈಲಿ ಬರಬಾರದೆಂದು ತಂದು ಪಕ್ಕಕ್ಕಿಟ್ಟಿದ್ದ ಹಾಲಿನ ಚೊಂಬನ್ನು ಇನ್ನೊಂದು ಕೈಯಿಂದ ಸುಬ್ಬಜ್ಜಿಗೆ ಕೊಟ್ಟರು. ಗೌರಿಯದೇ ಹಾಲು, ಬೆಳಿಗ್ಗೆ ಕರೆದದ್ದು.

ಸುಬ್ಬಜ್ಜಿ ತಮ್ಮ ಒಲೆಯ ಮುಂದೆ ನಿಂತರು. ಪಾತ್ರೆಗೆ ಆ ಹಾಲನ್ನೇ ಸುರಿದರು. ಬೆಂಕಿ ಹಚ್ಚಲು ಮಗ ಕೈ ಚಾಚಿದರೆ ತಳ್ಳಿ, ತಾವೇ ಹಚ್ಚಿದರು. ಹಾಲು ಕಾದು, ಏರಿ, ಅಂಚು ಮೀರಿ ನಾಲ್ಕೂ ಕಡೆ ಉಕ್ಕಿತು. ಎಲ್ಲರೂ ಕೈ ಮುಗಿದರು. ಉಕ್ಕಿದ ಹಾಲು ಕಟ್ಟೆಯಿಂದ ಇಳಿದು, ನೆಲದ ಇಳಿಜಾರು ಹಿಡಿದು, ಹೊಸದಾಗಿ ಸಂಪರ್ಕ ಕೊಟ್ಟಿದ್ದ ಮೋರಿಯ ಕಡೆಗೆ ನಿಧಾನವಾಗಿ ಹೊರಟಿತು.

"ಹಾಲಿನಲ್ಲಿ ರಂಜಕ ಬಹಳ ಇರುತ್ತೆ ಕಣ್ರೀ" ಎಂದರು ಸಾಹೇಬರು. ಧ್ವನಿಯಲ್ಲಿ ನಿಜವಾದ ನೋವಿತ್ತು. ಕೈ ಜೇಬಿನ ಪೆನ್ನಿನ ಕಡೆ ಹೋಯಿತು.

ಆ ಹೊತ್ತಿಗೆ ಗೌರಿ ಮನೆಯೆಲ್ಲ ಸುತ್ತಿ ನೋಡಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಿತ್ತು. ಕತ್ತು ತಗ್ಗಿಸಿ, ಮೋರಿಗೆ ಗೇಣಿನಷ್ಟು ದೂರದಲ್ಲಿದ್ದ ಹಾಲನ್ನು ಒಮ್ಮೆ ಮೂಸಿತು. ನಾಲಿಗೆ ಚಾಚಿ, ಮೋರಿಯ ಕಡೆಯಿಂದ ಒಲೆಯ ಕಡೆಗೆ ಒಂದು ಹನಿ ಬಿಡದೆ ನೆಕ್ಕುತ್ತಾ ಬಂತು. ನೆಲ ಒಣಗಿ ಹೊಳೆಯಿತು.

ಸಾಹೇಬರು ಪೆನ್ನನ್ನು ಜೇಬಿಗೇ ಬಿಟ್ಟರು. ಎರಡೂ ಕೈಗಳನ್ನು ತಕ್ಕಡಿಯಂತೆ ಎತ್ತಿ, ಒಂದು ಕ್ಷಣ ಹಾಗೆಯೇ ಸಮನಾಗಿ ಹಿಡಿದು ನಿಂತರು.